ಟ್ರಾಲಿ ಕೂಡಿಸುತ್ತಿದ್ದ ಕೆಳಮನೆಯವರು

ಕೊಲ್ಲಿ ದೇಶದ ಖೈತಾನ್‌ನಲ್ಲಿ ನಮ್ಮ ಕೆಳಮನೆಯವರು ವಿಮಾನ ನಿಲ್ದಾಣದಲ್ಲಿ ಟ್ರಾಲಿ ಕೂಡಿಸುತ್ತಿದ್ದರು. ನಿಲ್ದಾಣ ಎಷ್ಟು ಬೆಳೆದಿದೆ ಎಂಬುದನ್ನು ಮೊಣಕಾಲು ಒತ್ತಿಕೊಳ್ಳುತ್ತಲೇ ಹೇಳುವರು. “ಟೆನ್ಶನ್ ಬೇಡ ಟೀಚರ್, ನನಗೆ ಎಲ್ಲ ಗೊತ್ತುಂಟು” ಎನ್ನುವುದು ಅವರ ಮಾತು.

ಅಮ್ಮ ಉಡುಪಿಯಲ್ಲಿ ಐಸಿಯು ಸೇರಿದ ದಿನ ನಾನು ಅಭ್ಯಾಸಬಲದಿಂದ ಹಳೆಯ ಟರ್ಮಿನಲ್‌ಗೇ ಹೋದೆ. ನನ್ನ ವಿಮಾನ ಹೊಸದರಿಂದ ಹೊರಡುವುದಿತ್ತು. ಅಲ್ಲೇ ಕೆಲಸದಲ್ಲಿದ್ದ ಕೆಳಮನೆಯವರು ನನ್ನ ಟಿಕೆಟ್ ನೋಡಿದರು, ಟ್ರಾಲಿಗಳನ್ನು ಅಲ್ಲೇ ಬಿಟ್ಟು ನನ್ನ ಜೊತೆ ಟ್ಯಾಕ್ಸಿ ಹತ್ತಿದರು. ಮುಚ್ಚುತ್ತಿದ್ದ ಕೌಂಟರಿಗೆ ನನಗಿಂತ ಮೊದಲು ಓಡಿ, “ಸಿಸ್ಟರ್, ಇವರ ಅಮ್ಮ ಕಾಯ್ತಿದ್ದಾರೆ” ಎಂದರು.

ಬೋರ್ಡಿಂಗ್ ಪಾಸ್ ಸಿಕ್ಕಿತು. ತಿರುಗಿ ನೋಡಿದರೆ ಅವರು ಕಾವಲಿನವನ ಹತ್ತಿರ ಹೊರಗೆ ಹೋಗುವ ದಾರಿ ಕೇಳುತ್ತಿದ್ದರು. ಆ ಕಟ್ಟಡಕ್ಕೆ ಅವರೂ ಅದೇ ಮೊದಲ ಸಲ ಬಂದದ್ದು.

ಮರುದಿನ ಅಮ್ಮ ಕಣ್ಣು ಬಿಟ್ಟು, “ಒಬ್ಬಳೇ ಬಂದ್ಯಾ?” ಎಂದು ಕೇಳಿದರು.

“ಇಲ್ಲಮ್ಮ” ಎಂದೆ.