ಸರ್ ಬರೆಸುತ್ತಿದ್ದ ಕೊನೆಯ ಸಾಲು

ಪಾಠಕ್ಕಾಗಿ ತಾವೇ ಯಂತ್ರವಾಗಿ ನಿಂತಾಗ ನಮ್ಮ ಕಂಪ್ಯೂಟರ್ ಸರ್ ಅವರ ರೆಪ್ಪೆ ಬಡಿಯುತ್ತಿರಲಿಲ್ಲ. ಸೀಮೆಸುಣ್ಣದ ಪುಡಿ ಕೂತು ಬೆಳ್ಳಗಾದ ರೆಪ್ಪೆಗಳ ನಡುವಿನ ಆ ಕಣ್ಣಿಗೆ ನಾವು ಕಾಣುತ್ತಿದ್ದೆವೋ ಇಲ್ಲವೋ, ಶಿವನೇ ಬಲ್ಲ. ನನಗೆ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ, ಗಣಿತದ ಟೀಚರ್ ನಾನು. ಆದರೂ ಆ ಕಣ್ಣಿಗೆ ಹೆದರುತ್ತಿದ್ದೆ.

ಎರಡು ಸಾವಿರದ ಇಸವಿಯ ಸುಮಾರಿಗೆ ಕಮಲಾಪುರದ ನಮ್ಮ ಶಾಲೆಗೆ ಒಂದು ಕಂಪ್ಯೂಟರ್ ಬಂತು. ಮುಖ್ಯ ಗುರುಗಳು ಅದಕ್ಕೆ ಕುಂಕುಮ ಹಚ್ಚಿ, ಧೂಳು ಬೀಳುತ್ತದೆಂದು ಕೋಣೆಗೆ ಬೀಗ ಜಡಿದರು. ನಮಗೆ ಹತ್ತು ಮಂದಿ ಶಿಕ್ಷಕರಿಗೆ ತರಬೇತಿ ಕೊಡಲು ಕಲಬುರಗಿಯ ಜೇವರ್ಗಿ ಕಾಲೋನಿಯಿಂದ ಬಸ್ಸಿನಲ್ಲಿ ಬಂದ ಸರ್ ಬೀಗ ನೋಡಿ ನಕ್ಕುಬಿಟ್ಟರು.

"ಇರಲಿ ಬಿಡ್ರಿ, ಮಷೀನ್ ನಾನಾ ಆಗ್ತೀನಿ. ಹುಡುಗರಿಗಿ ಬಟನ್ ಒತ್ತೋದಲ್ರೀ, ವಿಚಾರ ಮಾಡೋದು ಕಲಸ್ಬೇಕು. ಒಂದೊಂದು ಹೆಜ್ಜಿ ಬಿಡಿಸಿ ಬರೀರಿ. ನೀವು ಬರೆದಷ್ಟೇ ಮಾಡ್ತೀನಿ."

ಬಾಳೆಹಣ್ಣು ತಿನ್ನುವ ಬಗೆಯನ್ನು ಬರೆದೆವು. ಸಿಪ್ಪೆ ಸುಲಿಯಿರಿ ಎಂದು ಯಾರೂ ಬರೆದಿರಲಿಲ್ಲ. ನಮ್ಮೂರಿನ ಕೆಂಪು ಬಾಳೆಯನ್ನು ಅವರು ಸಿಪ್ಪೆಸಮೇತ ಕಚ್ಚಿ, ಮುಖ ಕಿವುಚದೆ ನುಂಗಿದರು. ನಾವು ಬಿದ್ದು ಬಿದ್ದು ನಕ್ಕೆವು.

ಮರುದಿನ ನನ್ನ ಪಾಳಿ. ಎದ್ದೇಳಿ, ಬಾಗಿಲು ದಾಟಿ, ನೇರ ನಡೆಯಿರಿ ಎಂದು ಬರೆದೆ. ಯಂತ್ರ ನಿಲ್ಲಬೇಕಾದರೆ ಪಟ್ಟಿಯ ಕೊನೆಗೆ 'ಮುಗಿಯಿತು' ಎಂಬ ಸಾಲು ಇರಲೇಬೇಕೆಂದು ಸರ್ ಹತ್ತು ಸಲ ಹೇಳಿದ್ದರು, ಮರೆತೆ. ಸರ್ ಅಂಗಳ ದಾಟಿ ನಡೆದೇ ನಡೆದರು. ಎದುರಿಗೆ ಕಟ್ಟೆಯಿಲ್ಲದ ಬಾವಿ. ನಾವಿನ್ನೂ ನಗುತ್ತಿದ್ದೆವು. ಅವರ ಬಲಗಾಲು ಬಾವಿಯ ಮೇಲೆ ಎದ್ದಾಗ ನಾನು ಬಿಟ್ಟ ಸಾಲು ನೆನಪಾಯಿತು.

"ಮುಗೀತ್ರೀ ಸರ್! ಮುಗೀತು!" ಎಂದು ಚೀರಿದೆ.

ಕಾಲು ಗಾಳಿಯಲ್ಲೇ ನಿಂತಿತು. ರೆಪ್ಪೆ ಬಡಿಯಿತು.

"ಖರೇನಾ ಬೀಳ್ತಿದ್ರೇನ್ರಿ?" ಎಂದು ಕೇಳಿದೆ.

"ನೀವು ಬರೀಲಾರದ್ದು ನನಗ ಹ್ಯಾಂಗ ಗೊತ್ತಾಗಬೇಕ್ರಿ, ಟೀಚರ್?" ಎಂದರು. ಈ ಸಲ ನಗಲಿಲ್ಲ.

ಆಮೇಲೆ ನನ್ನ ತರಗತಿಯೇ ಬದಲಾಯಿತು. ಮಕ್ಕಳು ಭಾಗಾಕಾರವನ್ನೂ ರೊಟ್ಟಿ ಬಡಿಯುವುದನ್ನೂ ಹೆಜ್ಜೆ ಹೆಜ್ಜೆಯಾಗಿ ಬರೆದು, ತಪ್ಪು ಎಲ್ಲಿದೆಯೆಂದು ತಾವೇ ಹುಡುಕತೊಡಗಿದರು. ಅದೆಲ್ಲ ಸರ್ ಕೊಟ್ಟ ವಿದ್ಯೆ.

ಕೆಲವು ವರ್ಷಗಳ ಮೇಲೆ ಸರ್‌ಗೆ ಲಕ್ವಾ ಹೊಡೆಯಿತೆಂದು ಕೇಳಿ ನೋಡಲು ಹೋದೆ. ಅವರ ಹೆಂಡತಿ ಬಾಗಿಲಲ್ಲೇ ಅತ್ತರು. "ಹೇಳಿದಷ್ಟೇ ಮಾಡ್ತಾರ್ರೀ. ಬಾಯಿ ತೆರೀರಿ ಅಂದ್ರ ತೆರೀತಾರ, ಮುಚ್ರಿ ಅನ್ನೋತನಕ ಹಂಗಾ ಇರ್ತಾರ. ಡಾಕ್ಟರ್ ಕೈಬಿಟ್ಟು ಎಂಟು ದಿನ ಆತು, ಜೀವ ಹೋಗವಲ್ದು. ಯಾತಕ್ಕ ಕಾಯಾಕತ್ಯಾರೋ ಏನೋ!"

ಸರ್ ಮಂಚದ ಮೇಲೆ ಮಲಗಿ ಛಾವಣಿಯನ್ನೇ ನೋಡುತ್ತಿದ್ದರು. ರೆಪ್ಪೆ ಬಡಿಯುತ್ತಿರಲಿಲ್ಲ. ಯಾವುದಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಾಗಿಹೋಯಿತು. ಹೇಳದಿದ್ದರೆ ಅವರು ಹೀಗೆಯೇ ಇರುತ್ತಾರೆ. ಹೇಳಿದರೆ? ಎದ್ದು ಓಡಿಹೋಗಬೇಕೆನ್ನಿಸಿತು. ಕೊನೆಗೆ ಬಗ್ಗಿ ಕಿವಿಯಲ್ಲಿ ಹೇಳಿದೆ.

"ಮುಗೀತ್ರೀ, ಸರ್."

ರೆಪ್ಪೆ ಬಡಿಯಿತು. ನನ್ನ ಕಡೆ ತಿರುಗಿ ನೋಡಿದರು, ಗುರುತು ಹಿಡಿದೇ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಮತ್ತೆ ತೆರೆಯಲಿಲ್ಲ.

"ಏನಂದ್ರಿ ಅವರಿಗಿ?" ಎಂದು ಅವರ ಹೆಂಡತಿ ಕೇಳಿದರು. ಏನೂ ಇಲ್ಲ ಎಂದೆ.

ಇಂದಿಗೂ ನನ್ನ ತರಗತಿಯ ಮಕ್ಕಳು ಪಟ್ಟಿ ಬರೆಯುತ್ತಾರೆ. ಎಲ್ಲ ಸಾಲುಗಳನ್ನೂ ಓದಿ ಹೇಳುತ್ತೇನೆ. ಕೊನೆಯದನ್ನು ಮಾತ್ರ ಹಲಗೆಯ ಮೇಲೆ ಬರೆಯುತ್ತೇನೆ, ಬಾಯಿಬಿಟ್ಟು ಹೇಳುವುದಿಲ್ಲ.