ಡಬ್ಬಿಯಕ್ಕ ದಿಬ್ಬ ಹತ್ತಿದ್ದು

ಆಸ್ಪತ್ರೆ ಇರುವುದು ಕೆಳಗೆ, ರಕ್ತಪರೀಕ್ಷೆಯ ಲ್ಯಾಬ್ ಇರುವುದು ದಿಬ್ಬದ ಮೇಲೆ. ಹೀಗೆ ಕಟ್ಟಿದವರು ಆ ದಾರಿಯಲ್ಲಿ ಒಂದು ದಿನವೂ ನಡೆದವರಲ್ಲ. ನಡೆದವಳು ಡಬ್ಬಿಯಕ್ಕ. ಇಪ್ಪತ್ತೆರಡು ವರ್ಷ, ದಿನಕ್ಕೆ ಆರು ಸಲ, ರಕ್ತದ ನಳಿಕೆಗಳನ್ನು ಜೋಡಿಸಿದ ಡಬ್ಬಿ ಹಿಡಿದು ಹತ್ತಿ ಇಳಿದಿದ್ದಳು. ರಕ್ತ ಕುಲುಕಿದರೆ ಕೆಡುತ್ತದೆ. ಕೆಟ್ಟರೆ ರೋಗಿಗೆ ಇನ್ನೊಮ್ಮೆ ಸೂಜಿ. ಅವಳ ಕೈಯಲ್ಲಿ ಒಂದೇ ಒಂದು ನಳಿಕೆಯೂ ಕೆಟ್ಟಿರಲಿಲ್ಲ. "ತುಂಬಿದ ಕೊಡ ತುಳುಕೋದಿಲ್ಲ ಅಂತಾರೆ, ಇವಳ ಕೈಯಲ್ಲಿ ಅರೆಕೊಡವೂ ತುಳುಕೋದಿಲ್ಲ" ಎಂದು ಅವಳ ಗಂಡ ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದ.

ಅಂಥವಳ ಕಾಲಿನ ಕೆಳಗೆ ಆಡಳಿತದವರು ಒಂದು ಗಾಡಿ ತಂದು ನಿಲ್ಲಿಸಿದರು. ಮುಂದೆ ಒಂದು ಗಾಲಿ, ಹಿಂದೆ ಎರಡು. ಹಿಡಿಕೆಯ ಕಂಬದಿಂದ ಎರಡು ತೋಳುಗಳು ಹಿಂದಕ್ಕೆ ಚಾಚಿಕೊಂಡಿವೆ. ಒಂದೊಂದರ ತುದಿಯಲ್ಲಿ ಒಂದೊಂದು ಪಾದ ಇಟ್ಟು ನಿಲ್ಲಬೇಕು. ಎಂಜಿನ್ ಇಲ್ಲ, ಪೆಡಲ್ ಇಲ್ಲ, ಕಾಲಿನಿಂದ ನೆಲ ಒದೆಯುವಂತೆಯೂ ಇಲ್ಲ. ಮೈಯನ್ನು ಎಡಕ್ಕೆ ಬಲಕ್ಕೆ ತೂಗಿದರೆ ಅದು ಹಾವಿನಂತೆ ಡೊಂಕುಡೊಂಕಾಗಿ ಹೋಗುತ್ತದೆ. ಎಂಟು ದಿನದ ತರಬೇತಿ, ಒಂಬತ್ತನೆಯ ದಿನ ತುಂಬಿದ ಡಬ್ಬಿಯೊಂದಿಗೆ ದಿಬ್ಬದ ಪರೀಕ್ಷೆ. ಹತ್ತಲಾಗದಿದ್ದರೆ ಡಬ್ಬಿಯ ಕೆಲಸ ಬಿಟ್ಟು ಗಾಜು ತೊಳೆಯುವ ಕೋಣೆಗೆ ಹೋಗಬೇಕು. ಆ ಕೋಣೆಗೆ ಕಿಟಕಿಯಿರಲಿಲ್ಲ.

"ನಡೆದರೆ ಹದಿನಾಲ್ಕು ನಿಮಿಷ ಸಾರ್. ಅದರಲ್ಲಿ ಏನು ತಪ್ಪು ಕಂಡಿರಿ?" ಎಂದು ಅವಳು ಮೇಲ್ವಿಚಾರಕರನ್ನು ಕೇಳಿದಳು.

"ತಪ್ಪೇನಿಲ್ಲಮ್ಮ. ಗಾಡಿ ತಗೊಂಡಾಗಿದೆ."

ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಆ ಕಚೇರಿಯಿಂದ ಅವಳಿಗೆ ಎಂದೂ ಬಂದಿರಲಿಲ್ಲ.

ಗಾಡಿ ಮಾರಿದವರು ಕಳಿಸಿದ ತರಬೇತುದಾರ ಪಾಠ ಮಾಡಿದ್ದು ಆಸ್ಪತ್ರೆಯ ಹಿಂದಿನ ಸಮತಟ್ಟಾದ ಅಂಗಳದಲ್ಲಿ. "ಮೈ ಸಡಿಲ ಬಿಡಿ ಆಂಟಿ, ಅಗಲವಾಗಿ ತೂಗಿ" ಎನ್ನುತ್ತಿದ್ದ. ಬರಿಗೈಯಲ್ಲಿ ಅವಳು ಎರಡೇ ದಿನಕ್ಕೆ ಕಲಿತಳು. ಬೆನ್ನಿಗೆ ಡಬ್ಬಿ ಕಟ್ಟಿದ ಕೂಡಲೇ ಮೈ ಮರದ ಕೊರಡಾಯಿತು. ಇಪ್ಪತ್ತೆರಡು ವರ್ಷ ಅಲುಗಬೇಡ ಎಂದು ಕಲಿಸಿದ ಮೈಗೆ ಈಗ ಅಲುಗು ಎಂದರೆ ಅದಾದರೂ ಯಾರ ಮಾತು ಕೇಳಬೇಕು? ದಿಬ್ಬದ ಬುಡದಲ್ಲಿ ಗಾಡಿ ನಾಲ್ಕು ಮಾರು ಏರುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಜಾರುತ್ತಿತ್ತು. ಐದನೆಯ ದಿನ ಮೊಣಕಾಲು ತರಚಿತು.

ಅದನ್ನು ನೋಡಿದ ಮೇಲ್ವಿಚಾರಕರು ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕೇ ಇದೆ ಸಾರ್. ಅದಕ್ಕೇ ಅದನ್ನ ದಿಬ್ಬ ಅನ್ನೋದು."

ಮನೆಯಲ್ಲೂ ಬಿಡುವಿರಲಿಲ್ಲ. ತರಚಿದ ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದವಳನ್ನು ನೋಡಿ ಅತ್ತೆ ಮಂಚದಿಂದಲೇ ಹೇಳಿದರು: "ಮದುವೆ ಮನೇಲೂ ಕುಣೀದವಳು ಈಗ ಬೀದೀಲಿ ಸೊಂಟ ಆಡಿಸ್ತಾಳಂತೆ."

"ಆಡಿಸೋಕೆ ಬರ್ತಿಲ್ಲ ಅನ್ನೋದೇ ದೂರು, ಅತ್ತೆ."

"ಹಾಗಾದ್ರೆ ಕಲಿ. ಆ ಗಾಜಿನ ಕೋಣೆಗೆ ಹೋದ್ರೆ ನಿನ್ನ ಸಿಡುಕೆಲ್ಲ ಮನೆಗೆ ಬರುತ್ತೆ. ನನ್ನಿಂದ ಆಗಲ್ಲ."

ಎಂಟನೆಯ ದಿನ ಮಧ್ಯಾಹ್ನ ತರಬೇತುದಾರ ಊಟಕ್ಕೆ ಹೋದಾಗ ಅವಳು ಒಬ್ಬಳೇ ದಿಬ್ಬದ ಬುಡಕ್ಕೆ ಹೋದಳು. ಬೆನ್ನ ಹಿಂದಿನ ಡಬ್ಬಿ ಏನು ಮಾಡುತ್ತಿದೆಯೋ ಎಂಬ ಆತಂಕವೇ ತನ್ನನ್ನು ಬಿಗಿಯುತ್ತಿದೆ ಎಂದು ಅವಳಿಗೆ ಅನ್ನಿಸಿತ್ತು. ಪಟ್ಟಿಗಳನ್ನು ಬಿಚ್ಚಿ ಡಬ್ಬಿಯನ್ನು ಎದೆಯ ಮುಂದಕ್ಕೆ ಕಟ್ಟಿಕೊಂಡಳು. ಈಗ ಅದು ಕಣ್ಣೆದುರಿಗಿತ್ತು. ಅದನ್ನು ಅಲುಗಿಸದೆ, ಕೆಳಗೆ ಮಂಡಿಗಳನ್ನು ಮಾತ್ರ ಬಾಗಿಸಿ, ಭಾರವನ್ನು ಬಲಪಾದಕ್ಕೆ ಹಾಕಿ ಹಿಡಿಕೆಯನ್ನು ವಾಲಿಸಿದಳು. ಆಮೇಲೆ ಎಡಪಾದಕ್ಕೆ. ಅಗಲ ತಿರುವು ಹಾಕಿದರೆ ಏರು ಗಾಡಿಯನ್ನು ಹಿಡಿದು ನಿಲ್ಲಿಸಿಬಿಡುತ್ತಿತ್ತು. ಗೇಣುದ್ದದ ತಿರುವುಗಳನ್ನು ಬೇಗಬೇಗ ಹಾಕಿದರೆ ಅದು ಮೇಲಕ್ಕೆ ತೆವಳುತ್ತಿತ್ತು. ಮೈ ತೂಗುವುದಲ್ಲ, ಮೈಯ ಕೆಳಗೆ ಗಾಡಿಯನ್ನು ತೂಗುವುದು. ಅಂಗಳದಲ್ಲಿ ಕಲಿಸಿದ್ದು ಅಂಗಳಕ್ಕಷ್ಟೇ ಸರಿ. ಎಂಟು ದಿನದಲ್ಲಿ ಈ ಮಾತನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ಆ ದಿಬ್ಬವನ್ನು ಒಮ್ಮೆಯೂ ಹತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಮೂವತ್ತು ನಳಿಕೆಗಳೊಂದಿಗೆ ಹೊರಟಳು. ವಾರ್ಡಿನ ಕಿಟಕಿಗಳ ತುಂಬ ಮುಖಗಳು. ಅರ್ಧ ದಾರಿಯಲ್ಲಿ ತೊಡೆಗಳು ನಡುಗಿದವು, ಬೆವರು ಕಣ್ಣಿಗಿಳಿಯಿತು, ಡಬ್ಬಿ ಅಲುಗಲಿಲ್ಲ. ಲ್ಯಾಬಿನ ಬಾಗಿಲಿಗೆ ಬರುವಾಗ ಹದಿಮೂರು ನಿಮಿಷ ಆಗಿತ್ತು. ಇಷ್ಟೆಲ್ಲ ರಂಪದಿಂದ ಉಳಿದದ್ದು ಒಂದು ನಿಮಿಷ.

ಲ್ಯಾಬಿನಾಕೆ ನಳಿಕೆಗಳನ್ನು ಯಂತ್ರದಲ್ಲಿ ತಿರುಗಿಸಿ ಬೆಳಕಿಗೆ ಹಿಡಿದಳು. "ಮೇಲೆ ನಿಂತ ನೀರೆಲ್ಲ ತಿಳಿಯಾಗಿದೆ ಅಕ್ಕ. ಒಂದೂ ಕೆಟ್ಟಿಲ್ಲ."

ಜೀಪಿನಲ್ಲಿ ಸುತ್ತು ದಾರಿಯಿಂದ ಬಂದಿದ್ದ ಮೇಲ್ವಿಚಾರಕರು ಒಂದು ಹಾಳೆ ಮುಂದಿಟ್ಟರು. "ಇಲ್ಲಿ ಸಹಿ ಹಾಕಿ. ನಿಮ್ಮ ಕೆಲಸ ನಿಮಗೇ."

ಅವಳು ಓದಿದಳು. 'ಸಂಸ್ಥೆ ನೀಡಿದ ತರಬೇತಿಯಿಂದ ದಿಬ್ಬ ಹತ್ತಲು ಕಲಿತಿರುತ್ತೇನೆ.'

"ಈ ಸಾಲು ಹೊಡೆದುಹಾಕಿ ಸಾರ್."

"ಅದು ಎಲ್ಲರಿಗೂ ಇರೋ ಸಾಲು. ಸಹಿ ಹಾಕದೇ ಇದ್ರೆ ಗಾಜಿನ ಕೋಣೆ, ನೋಡಿ."

"ನೀವು ಕಲಿಸಿದ್ದು ಬೀಳೋದು. ಅದಕ್ಕೆ ಬೇಕಾದ್ರೆ ಸಹಿ ಹಾಕ್ತೀನಿ."

ಅವಳು ಖಾಲಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳು. ಕೆಳಗಿನಿಂದ ಫೋನು ಬಂತು: ಎರಡನೆಯ ಸುತ್ತಿನ ರಕ್ತ ತಯಾರಾಗಿದೆ. ಮತ್ತೆ ಬಂತು: ಶಸ್ತ್ರಚಿಕಿತ್ಸೆಯ ರೋಗಿ ಕಾಯುತ್ತಿದ್ದಾನೆ. ಆ ಗಾಡಿಯಲ್ಲಿ ದಿಬ್ಬ ಹತ್ತಬಲ್ಲವಳು ಇಡೀ ಆಸ್ಪತ್ರೆಯಲ್ಲಿ ಅವಳೊಬ್ಬಳೇ. ಜೀಪಿನಲ್ಲಿ ತಂದರೆ ರಕ್ತ ಕುಲುಕಿ ಕೆಡುತ್ತದೆ. ಇಂದಿನಿಂದ ನಡೆದು ತರಬಾರದು ಎಂಬ ಆದೇಶಕ್ಕೆ ಸಹಿ ಹಾಕಿದವರು ಮೇಲ್ವಿಚಾರಕರೇ.

ಮೂರನೆಯ ಸಲ ಫೋನು ಬಡಿದುಕೊಂಡಾಗ ಅವರು ಪೆನ್ನು ತೆಗೆದು ಆ ಸಾಲಿನ ಮೇಲೆ ಗೀಟು ಎಳೆದರು. "ಒಂದು ಸಾಲಿಗೆ ಇಷ್ಟು ಹಟವೇನಮ್ಮ?"

"ಒಂದು ಗಾಡಿಗೆ ನಿಮಗಿದ್ದಷ್ಟೇ, ಸಾರ್."

ಸಹಿ ಹಾಕಿ, ಡಬ್ಬಿ ಕಟ್ಟಿಕೊಂಡು ಹೊರಬಂದಳು. ದಿಬ್ಬ ಇಳಿಯುವುದನ್ನು ಆ ಎಂಟು ದಿನದಲ್ಲಿ ಯಾರೂ ಯೋಚಿಸಿರಲೇ ಇಲ್ಲ. ಗಾಡಿಯ ಹಿಡಿಕೆ ಹಿಡಿದು ನಡೆದೇ ಇಳಿದಳು.