ಸರ್ವಮಂಗಳಾ ಸಿಸ್ಟರ್ ಬಾಯಿಯ ಅಲಾರಂ

ಐಸಿಯುವಿನ ಯಂತ್ರಗಳು ಹೇಗೆಲ್ಲ ಕೂಗುತ್ತವೆಯೋ ಅಷ್ಟನ್ನೂ ಸರ್ವಮಂಗಳಾ ಸಿಸ್ಟರ್ ಬಾಯಲ್ಲೇ ಕೂಗಿ ತೋರಿಸುತ್ತಿದ್ದರು. ಸಿರಿಂಜಿನ ಔಷಧಿ ಮುಗಿಯುತ್ತಾ ಬಂದರೆ ಒಂದು ಸ್ವರ, ವೆಂಟಿಲೇಟರಿನ ಕೊಳವೆ ಕಳಚಿಕೊಂಡರೆ ಇನ್ನೊಂದು. ರೋಗಿಯ ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಮಾನಿಟರಿನ ಸದ್ದು ಮೆಟ್ಟಿಲಿಳಿದ ಹಾಗೆ ತಗ್ಗುತ್ತಾ ಹೋಗುತ್ತದೆ. ಅದನ್ನಂತೂ ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ, ಡಾಕ್ಟರೊಬ್ಬರು ಚಹಾದ ಲೋಟ ಬಿಟ್ಟು ಎದ್ದು ಓಡಿದ್ದನ್ನು ನಾನೇ ನೋಡಿದ್ದೇನೆ.

ನರ್ಸಿಂಗ್ ಮುಗಿಸಿ ಮಲೆಬೆನ್ನೂರಿನಿಂದ ದಾವಣಗೆರೆಗೆ ಬಂದ ನಾನು ವಿನೋಬನಗರದಲ್ಲಿ ರೂಮು ಮಾಡಿಕೊಂಡು ಒಂದು ಆಸ್ಪತ್ರೆಯ ಐಸಿಯುವಿಗೆ ತರಬೇತಿಗೆ ಸೇರಿದ್ದೆ. ಹೊಸಬರನ್ನು ತಿದ್ದುವ ಹೊಣೆ ಸಿಸ್ಟರದು. ಹರಿಹರದವರು, ದಿನಾ ಬಸ್ಸಿನಲ್ಲಿ ಓಡಾಟ. ಕುಳ್ಳು ಆಳು, ಹಣೆಯಲ್ಲಿ ತೆಳ್ಳನೆ ವಿಭೂತಿ, ಕಾಲಲ್ಲಿ ಸದ್ದೇ ಮಾಡದ ಚಪ್ಪಲಿ. ಹಿಂದೆ ಬಂದು ನಿಂತಿದ್ದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ತರಬೇತಿ ಕೋಣೆಯಲ್ಲಿ ನಮ್ಮಲ್ಲೇ ಒಬ್ಬಳನ್ನು ರೋಗಿಯಾಗಿ ಮಲಗಿಸಿ, ಬೇರೇನೋ ಪಾಠ ಮಾಡುತ್ತಾ ಇದ್ದಕ್ಕಿದ್ದಂತೆ ಆ ಇಳಿಯುವ ಸದ್ದು ಹೊರಡಿಸುತ್ತಿದ್ದರು. ನಮ್ಮೆಲ್ಲರ ಕತ್ತು ಒಟ್ಟಿಗೆ ಮಾನಿಟರಿನ ಕಡೆ ತಿರುಗುತ್ತಿತ್ತು.

"ಬಂದ್ ಆಗಿರೋ ಮಾನಿಟರ್‌ದಾಗ ಏನ್ ಕಾಣ್ತತೆ?" ಎಂದು ತಣ್ಣಗೆ ಕೇಳುತ್ತಿದ್ದರು. "ಯಂತ್ರ ಎಲ್ಲೂ ಓಡಿ ಹೋಗಲ್ಲ. ಮೊದ್ಲು ಮುಖ ನೋಡ್ರಿ, ತುಟಿ ನೋಡ್ರಿ, ಎದಿ ಏಳ್ತತೋ ಇಲ್ಲೋ ನೋಡ್ರಿ."

ಉಳಿದವರು ಬೇಗ ಕಲಿತರು. ನನ್ನ ಕತ್ತಿಗೆ ಮಾತ್ರ ಬುದ್ಧಿ ಬರಲಿಲ್ಲ. ಸದ್ದು ಕೇಳಿದರೆ ಹೆದರಿ, ಕಣ್ಣು ಮಾನಿಟರಿನ ಮೇಲೆ ಅಂಟಿಕೊಂಡುಬಿಡುತ್ತಿತ್ತು. ಒಂದು ದಿನ ಸಾಕಾಗಿ, ನನ್ನನ್ನು ಜನರಲ್ ವಾರ್ಡಿಗೆ ಕಳಿಸಿಬಿಡಿ, ಇದು ನನ್ನ ಕೈಲಾಗದು ಎಂದು ಕೇಳಿಕೊಂಡೆ. ಅವರು ತಮ್ಮ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಕೈಗಿಟ್ಟರು.

"ಹೆದರಿಕಿ ಇರ್ಲಿ ಬಿಡು ತಂಗಿ. ಹೆದರಿಕಿ ಇಲ್ದೋರ ಕೈಗೆ ನಾನು ಬೆಡ್ ಕೊಡಲ್ಲ."

ಬೆಡ್ ಕೊಟ್ಟರೂ ರೋಗಿಯನ್ನು ಪೂರ್ತಿ ಬಿಟ್ಟುಕೊಡುವವರಲ್ಲ. ಹೊಸಬರು ರೋಗಿಯ ಪಕ್ಕದಲ್ಲಿದ್ದಷ್ಟು ಹೊತ್ತು ಗಾಜಿನ ಆಚೆ ನಿಂತುಕೊಂಡೇ ಊಟ ಮುಗಿಸುತ್ತಿದ್ದರು, ಕಣ್ಣು ನಮ್ಮ ಮೇಲೆ. ನಿವೃತ್ತಿಯ ದಿನ ಹಾರ ತೆಗೆದಿಟ್ಟು ನನ್ನನ್ನು ಪಕ್ಕಕ್ಕೆ ಕರೆದು, "ಉಳಿದಿದ್ದೆಲ್ಲಾ ಸರಿ ಐತೆ. ನಿನ್ನ ಕತ್ತಿಂದೇ ಚಿಂತಿ ನನಗೆ," ಎಂದರು.

ಹೋದ ವರ್ಷ ಅವರನ್ನೇ ನಮ್ಮ ಐಸಿಯುವಿಗೆ ತಂದರು. ನ್ಯುಮೋನಿಯಾ. ಉಸಿರಾಟ ಸೋತು ವೆಂಟಿಲೇಟರ್ ಹಾಕಬೇಕಾಯಿತು, ಹಗಲು ಪಾಳಿಯಲ್ಲಿ ಅವರ ಬೆಡ್ಡು ನನ್ನ ಪಾಲಿಗೆ ಬಂತು. ಅಷ್ಟೆಲ್ಲ ಸದ್ದು ಮಾಡುತ್ತಿದ್ದ ಬಾಯಲ್ಲಿ ಕೊಳವೆ. ಕೈಕಾಲು ಒರೆಸುವಾಗ, ಮಗ್ಗುಲು ಬದಲಿಸುವಾಗ, ಹರಿಹರದ ಬಸ್ಸು ಇವತ್ತೂ ತಡ ಸಿಸ್ಟರ್ ಎಂದು ಏನೇನೋ ಹೇಳುತ್ತಿದ್ದೆ. ಅವರು ಉಳಿಯಲಿಕ್ಕಿಲ್ಲ ಎಂಬ ಭಯ ನನಗೆ ದಿನವೂ ಇತ್ತು.

ಕೊನೆಗೊಂದು ಬೆಳಗ್ಗೆ ಕೊಳವೆ ತೆಗೆದರು. ಇವತ್ತೊಂದು ದಿನ ಉಸಿರಾಟ ತಾನಾಗಿ ನಡೆದರೆ ಬದುಕಿಕೊಂಡರು, ಇಲ್ಲದಿದ್ದರೆ ಮತ್ತೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಎಚ್ಚರಿಸಿ ಹೋದರು. ಮಧ್ಯಾಹ್ನ ನಾನು ಬೆನ್ನು ತಿರುಗಿಸಿ ಟ್ರಾಲಿಯ ಮೇಲೆ ಔಷಧಿ ಸಿದ್ಧಮಾಡುತ್ತಿದ್ದೆ. ಹಿಂದಿನಿಂದ ಆ ಸದ್ದು ಬಂತು. ಒಂದೊಂದೇ ಮೆಟ್ಟಿಲು ಇಳಿಯುವ ಸದ್ದು.

ತಿರುಗಿದವಳೇ ಅವರ ಮುಖ ನೋಡಿದೆ. ತುಟಿಯಲ್ಲಿ ಕೆಂಪು ಇತ್ತು. ಅಂಗೈ ಎದೆಯ ಮೇಲಿಟ್ಟೆ, ಎದೆ ಏಳುತ್ತಿತ್ತು. ಆಮೇಲಷ್ಟೇ ಆ ಕಣ್ಣು ತೆರೆದಿರುವುದು, ಆಮ್ಲಜನಕದ ಮಾಸ್ಕಿನ ಒಳಗೆ ತುಟಿಯ ಕೊನೆ ನಗುತ್ತಿರುವುದು ಕಂಡಿತು. ಮಾನಿಟರು ತನ್ನ ಪಾಡಿಗೆ ತಾನು ಟಿಕ್ ಟಿಕ್ ಎನ್ನುತ್ತಿತ್ತು.

"ಕತ್ತು ಆ ಕಡಿ ಹೋಗ್ಲಿಲ್ಲ," ಎಂದರು. ಕೊಳವೆ ಉಜ್ಜಿ ಒಡೆದುಹೋದ ದನಿ. "ಇನ್ನ ನಾನು ಮಲಗ್ತೀನಿ."

ಕಣ್ಣು ಮುಚ್ಚಿದರು. ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಒಂದು ಕೈಯಲ್ಲಿ ಸಿರಿಂಜು, ಇನ್ನೊಂದು ಅವರ ಎದೆಯ ಮೇಲೆ, ಒರೆಸಿಕೊಳ್ಳಲು ಬಿಡುವಿರಲಿಲ್ಲ. ವಾರ ಕಳೆದು ಅವರು ಹರಿಹರಕ್ಕೆ ಹೋದರು, ಆಮೇಲೆ ಭೇಟಿಯಾಗಿಲ್ಲ. ಆ ಮಧ್ಯಾಹ್ನ ಮಾತ್ರ, ಅವರ ಎದೆ ಏರಿಳಿಯುವುದನ್ನೇ ನೋಡುತ್ತಾ ನಿಂತಿದ್ದಾಗ, ಮೆಲ್ಲಗೆ ಒಂದು ಗೊರಕೆ ಶುರುವಾಯಿತು. ಆ ಸದ್ದೊಂದನ್ನು ಅವರು ನಮಗೆ ಕಲಿಸಿರಲಿಲ್ಲ.